ಮಿಷಿನ್ ಮೇಲೆ ಕೂತ ಗಂಟು

ಶ್ರೀರಂಗಪಟ್ಟಣದಿಂದ ನಾಗಮಂಗಲದವರೆಗೆ ಯಾವ ಊರಿಗೆ ಹೋದರೂ ಬೀದಿಗೆ ಕೆಲವು ಮನೆಗಳಲ್ಲಾದರೂ ಹೊಲಿಗೆ ಮಿಷಿನ್ ಇದ್ದೇ ಇರುತ್ತದೆ. ಮದುವೆಯಲ್ಲಿ ತವರಿನವರು ಕೊಟ್ಟದ್ದು, ಸ್ತ್ರೀಶಕ್ತಿ ಸಂಘದ ಸಾಲದಲ್ಲಿ ತಂದದ್ದು, ಟೈಲರಿಂಗ್ ತರಬೇತಿ ಮುಗಿದಾಗ ಸಿಕ್ಕಿದ್ದು, ಕೊರೊನಾ ಕಾಲದಲ್ಲಿ ಮಾಸ್ಕ್ ಹೊಲಿಯಲು ಧೂಳು ಕೊಡವಿದ್ದು. ಈಗ ಅದರ ಮೇಲೆ ಮಡಿಸದ ಬಟ್ಟೆಯ ಗುಡ್ಡೆ, ಮಕ್ಕಳ ಬ್ಯಾಗು, ಫೋನ್ ಚಾರ್ಜರು. ತುಳಿಯುವ ಪೆಡಲಿನ ಮೇಲೆ ರಾಗಿ ಮೂಟೆ. ಕೇಳಿದರೆ ‘ಒಂದಿನ ಎಲ್ಲಾ ತೆಗ್ದು ಸರಿ ಮಾಡ್ಬೇಕು ಕನಕ್ಕ’ ಅನ್ನುತ್ತಾರೆ.

ಆ ಒಂದಿನ ಬರದಿರುವುದಕ್ಕೆ ಸೋಮಾರಿತನ ಕಾರಣ ಎಂದು ನನಗೆ ಅನ್ನಿಸಿಲ್ಲ. ಕಬ್ಬಿನ ಗದ್ದೆ, ಹಸು, ಅಡುಗೆ, ಸಂಘದ ಮೀಟಿಂಗು ಎಲ್ಲವನ್ನೂ ನಿಭಾಯಿಸುವ ಹೆಂಗಸರಿಗೆ ಒಂದು ಮೂಲೆ ಗುಡಿಸುವುದು ದೊಡ್ಡದಲ್ಲ. ಬಟ್ಟೆಯ ಬಗ್ಗೆ, ಮಿಷಿನ್ ಬಗ್ಗೆ, ಹೊಲಿಯುವ ಕೈಯ ಬಗ್ಗೆ ನಾವೇ ನಂಬಿಕೊಂಡು ಬಂದ ಕೆಲವು ಮಾತುಗಳು ಅಡ್ಡ ಕೂತಿವೆ. ಅವನ್ನು ಮೊದಲು ತೆಗೆಯೋಣ.

ತಪ್ಪು ಕಲ್ಪನೆ: ಮನೆಯಲ್ಲಿ ಜಾಗ ಇಲ್ಲ, ಅದಕ್ಕೇ ಹೊಲಿಗೆ ನಿಂತಿತು.

ವಾಸ್ತವ: ಕಾಲಲ್ಲಿ ತುಳಿಯುವ ಮಿಷಿನ್ನಿನ ಮೇಜು ಹೆಚ್ಚುಕಡಿಮೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ಕೂರಲು ಒಂದು ಸ್ಟೂಲು. ಕತ್ತರಿಸಲು ಬೇರೆ ಮೇಜು ಬೇಕೇ ಇಲ್ಲ; ನಮ್ಮ ಹೆಂಗಸರು ಹಜಾರದ ನೆಲದ ಮೇಲೆ ಬಟ್ಟೆ ಹರವಿ, ಮಂಡಿಯೂರಿ ಕತ್ತರಿ ಆಡಿಸಿ ಕಲಿತವರು. ಜಾಗ ತಿಂದಿರುವುದು ಮಿಷಿನ್ ಅಲ್ಲ, ಅದರ ಸುತ್ತ ಬೆಳೆದ ಗಂಟುಗಳು. ಆ ಗಂಟುಗಳಲ್ಲಿ ಹೆಚ್ಚಿನವು ಬೇರೆಯವರವು.

ಒಂದು ಗಂಟು ಬಿಚ್ಚಿ ನೋಡಿ. ಮೇಲೆ ಎದುರುಮನೆಯವರ ಸೀರೆ, ಫಾಲ್ ಅರ್ಧ ಕೂತಿದೆ. ಅದರ ಕೆಳಗೆ ನಾದಿನಿಯ ರವಿಕೆಗಳು, ಕಂಕುಳಲ್ಲಿ ಬಿಚ್ಚಿ ಸಡಿಲ ಮಾಡಲು ಕೊಟ್ಟವು. ಮಗನ ಪ್ಯಾಂಟು, ಉದ್ದ ಕಡಿಮೆ ಮಾಡಬೇಕೆಂದು ಇಟ್ಟದ್ದು. ಅಷ್ಟರಲ್ಲಿ ಅವನೇ ಉದ್ದವಾಗಿದ್ದಾನೆ. ಸರ್ಕಾರಿ ಶಾಲೆಯಲ್ಲಿ ಕೊಟ್ಟ ಸಮವಸ್ತ್ರದ ಬಟ್ಟೆ, ಅಕ್ಕನ ಮಗಳದು. ಜಿಪ್ ಕಿತ್ತ ಬ್ಯಾಗು. ಎಲ್ಲದರ ತಳದಲ್ಲಿ, ಅಂಗಡಿಯ ಕವರಿನಲ್ಲೇ ಇರುವ ಒಂದು ಹತ್ತಿಬಟ್ಟೆ. ಅದನ್ನು ಆಕೆ ತನಗೆಂದು ಇಷ್ಟಪಟ್ಟು ತಂದದ್ದು.

‘ಅಕ್ಕೋ, ನಾಳಿಕ್ ಮದ್ವೆ ಅದೆ, ಒಂಚೂರ್ ಫಾಲ್ ಹಾಕ್ಕೊಟ್ಬುಡಿ. ಎಷ್ಟೊತ್ತಿನ್ ಕೆಲ್ಸ?’

ಎಷ್ಟು ಹೊತ್ತಿನದು ಎಂದು ಲೆಕ್ಕ ಹಾಕೋಣ. ಫಾಲ್ ಎರಡೂಮುಕ್ಕಾಲು ಮೀಟರಿನ ಆಸುಪಾಸು ಇರುತ್ತದೆ. ಎರಡೂ ಅಂಚು ಸೇರಿದರೆ ಐದೂವರೆ ಮೀಟರ್ ಹೊಲಿಗೆ. ಮೇಲಂಚನ್ನು ಕಾಣದ ಹಾಗೆ ಕೈಯಲ್ಲಿ ಹಾಕಬೇಕೆಂದರೆ ಒಂದು ಸಂಜೆ ಹೋಯಿತು. ಅದಕ್ಕೂ ಮೊದಲು ಫಾಲನ್ನು ನೀರಲ್ಲಿ ನೆನೆಸಿ ಒಣಗಿಸಿರಬೇಕು, ಇಲ್ಲವಾದರೆ ಮೊದಲ ಒಗೆತಕ್ಕೇ ಅದು ಮುದುರಿ ಸೀರೆಯ ಅಂಚನ್ನೂ ಎಳೆಯುತ್ತದೆ. ‘ಒಂಚೂರು’ ಎಂಬ ಮಾತಿನಲ್ಲಿ ಇದ್ಯಾವುದೂ ಬರುವುದಿಲ್ಲ.

ಆದ್ದರಿಂದ ಮೂಲೆ ಖಾಲಿ ಮಾಡಲು ಕೂತಾಗ ಬಣ್ಣ ನೋಡಿ, ಬಟ್ಟೆಯ ಜಾತಿ ನೋಡಿ ವಿಂಗಡಿಸಬೇಡಿ. ಯಾರದು ಎಂದು ನೋಡಿ ವಿಂಗಡಿಸಿ. ಊರವರದು ಒಂದು ಕಡೆ, ಮನೆಯವರದು ಒಂದು ಕಡೆ, ನಿಮ್ಮದು ಒಂದು ಕಡೆ. ಊರವರದನ್ನು ಆ ವಾರದಲ್ಲೇ ಮುಗಿಸಿ ಕೊಡಿ, ಆಗದಿದ್ದರೆ ಹಾಗೇ ವಾಪಸು ಕೊಡಿ. ನಾಗಮಂಗಲದ ಪೇಟೆಯಲ್ಲಾಗಲಿ ಕೆ.ಆರ್. ಪೇಟೆಯಲ್ಲಾಗಲಿ ಫಾಲ್, ಪಿಕೊ, ಜಿಗ್‌ಜಾಗ್ ಎಂದು ಬೋರ್ಡು ಹಾಕಿಕೊಂಡು ಕೂತವರಿದ್ದಾರೆ. ಅವರ ಹೊಟ್ಟೆಪಾಡೂ ನಡೆಯಲಿ. ವಾಪಸು ಕೊಡುವಾಗ ಎದುರಿಗಿರುವವರ ಮುಖ ಕೊಂಚ ಸಣ್ಣದಾಗುತ್ತದೆ. ಆಗಲಿ ಬಿಡಿ.

ತಪ್ಪು ಕಲ್ಪನೆ: ರವಿಕೆ ಕಣ ಯಾವತ್ತಾದರೂ ಬೇಕಾಗುತ್ತದೆ, ಒಂದನ್ನೂ ಕಳೆಯಬಾರದು.

ವಾಸ್ತವ: ಮಂಡ್ಯ ಸೀಮೆಯ ಬೀರುಗಳನ್ನು ತುಂಬಿಸಿರುವುದು ಸೀರೆಯಲ್ಲ, ಕಣ. ಗೌರಿ ಹಬ್ಬದ ಮೊರದ ಬಾಗಿನದಲ್ಲಿ ಬಂದದ್ದು, ವರಮಹಾಲಕ್ಷ್ಮಿ ಪೂಜೆಗೆ ಕರೆದವರು ಅರಿಶಿನ ಕುಂಕುಮದ ಜೊತೆ ಕೊಟ್ಟದ್ದು, ಗೃಹಪ್ರವೇಶದ್ದು, ಸೀಮಂತದ್ದು. ಬಂದ ಕಣ ಮಡಿಕೆ ಬಿಚ್ಚದೆ ಇನ್ನೊಂದು ಮನೆಗೆ ಹೋಗುತ್ತದೆ. ನೀವು ಕೊಟ್ಟದ್ದೇ ನಾಲ್ಕು ಮನೆ ಸುತ್ತಿ ನಿಮ್ಮ ಮಡಿಲಿಗೆ ಬಂದಿರುವ ಉದಾಹರಣೆಗಳೂ ಇವೆ, ಮಡಿಕೆಯ ಮೇಲಿನ ಅರಿಶಿನದ ಕಲೆ ನೋಡಿ ಗುರುತು ಹಿಡಿದವರಿದ್ದಾರೆ.

ಇದರಲ್ಲಿ ತಪ್ಪೇನಿಲ್ಲ. ಕಣದ ಮಂಗಳ ಇರುವುದು ಕೊಡುವುದರಲ್ಲಿ. ಆದರೆ ಕೊಡಲೆಂದೇ ನೇಯ್ದ ಬಟ್ಟೆಯನ್ನು ಹೊಲಿಯುವ ಬಟ್ಟೆ ಎಂದು ಕೂಡಿಡುವುದು ಬೇರೆ ವಿಚಾರ. ಸಗಟಿನಲ್ಲಿ ಬರುವ ಕಣದ ಅಳತೆ ಮುಕ್ಕಾಲು ಮೀಟರ್ ಮುಟ್ಟಿದರೆ ಹೆಚ್ಚು. ನಲವತ್ತು ದಾಟಿದ ಹೆಂಗಸಿಗೆ ಮೊಣಕೈ ತನಕ ತೋಳಿಟ್ಟು ರವಿಕೆ ಹೊಲಿಯಲು ಅದು ಸಾಲುವುದಿಲ್ಲ. ಬೆಳಕಿಗೆ ಹಿಡಿದರೆ ಆಚೆಯ ಕಿಟಕಿ ಕಾಣುತ್ತದೆ. ಒಂದು ಎಳೆ ಕಿತ್ತು ಬೆಂಕಿ ತಾಗಿಸಿ: ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಕಾಗದದ ಹಾಗೆ ಉರಿದು ಬೂದಿಯಾದರೆ ಹತ್ತಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ.

ಅಳತೆ, ಬೆಳಕು, ಬೆಂಕಿ, ಈ ಮೂರು ಪರೀಕ್ಷೆ ದಾಟಿದವು ಮಾತ್ರ ಮಿಷಿನ್ ಪಕ್ಕ ಉಳಿಯಲಿ. ಶ್ರೀರಂಗಪಟ್ಟಣ ತಾಲ್ಲೂಕಿನ ಕೊಡಿಯಾಲದ ಮಗ್ಗದ ರೇಷ್ಮೆ ಸೀರೆ ಕೊಂಡವರ ಹತ್ತಿರ ಅದರ ಜೊತೆಯಲ್ಲೇ ನೇಯ್ದ ರವಿಕೆ ತುಂಡು ಇರುತ್ತದೆ. ಸೀರೆಗೆ ಬೇರೆ ಬಣ್ಣದ ರೆಡಿಮೇಡ್ ರವಿಕೆ ತೊಟ್ಟು ಆ ತುಂಡನ್ನು ಮರೆತಿರುತ್ತಾರೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟಿನ ಖಾದಿ ಕೊಂಡು ಹಾಗೇ ಇಟ್ಟವರೂ ಇದ್ದಾರೆ. ಖಾದಿಗೆ ಒಂದು ಗುಣ: ನೀರು ಕಂಡಷ್ಟೂ ಮೆತ್ತಗಾಗುತ್ತದೆ. ಬೀರುವಿನಲ್ಲಿ ಕೂತರೆ ಮಡಿಕೆಯ ಗೆರೆಯಲ್ಲೇ ಜೀರ್ಣವಾಗಿ ಸೀಳುತ್ತದೆ. ಅಂಥದನ್ನು ಇವತ್ತೇ ನೀರಿಗೆ ಹಾಕಿ. ಉಳಿದ ಕಣಗಳನ್ನು ಒಂದು ಚೀಲಕ್ಕೆ ತುಂಬಿ ಪೂಜೆ ಸಾಮಾನಿನ ಕಪಾಟಿಗೆ ಕಳಿಸಿ, ಅಲ್ಲಿಂದ ಅವು ತಮ್ಮ ದಾರಿ ಹಿಡಿಯುತ್ತವೆ.

ಗಂಡಸರ ಬಟ್ಟೆಯದೂ ಇದೇ ಕಥೆ. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವಾಗ ಹೊಸ ಬಟ್ಟೆ ಇಡುವುದು ನಮ್ಮ ಕಡೆಯ ಪದ್ಧತಿ. ಅಂದು ಇಟ್ಟ ಶರ್ಟ್ ಪೀಸು, ಮದುವೆಯಲ್ಲಿ ಉಡುಗೊರೆ ಬಂದ ಪ್ಯಾಂಟ್ ಪೀಸು, ಯಾವುದೂ ಟೈಲರ್ ಅಂಗಡಿ ಕಾಣುವುದಿಲ್ಲ. ಗಂಡಸರು ಈಗ ರೆಡಿಮೇಡಿಗೆ ಒಗ್ಗಿಕೊಂಡಿದ್ದಾರೆ. ಈ ಶರ್ಟ್ ಪೀಸುಗಳನ್ನು ಮಾತ್ರ ಕೊಟ್ಟುಬಿಡಬೇಡಿ. ಅವುಗಳ ಉಪಯೋಗ ಮುಂದೆ ಹೇಳುತ್ತೇನೆ.

ತಪ್ಪು ಕಲ್ಪನೆ: ಹಳೇ ಮಿಷಿನ್ ಕೆಟ್ಟಿದೆ, ಮೋಟಾರಿನ ಹೊಸದು ತಂದರೆ ಹೊಲಿಯಬಹುದು.

ವಾಸ್ತವ: ಐಸಾಕ್ ಸಿಂಗರ್ ಅಮೆರಿಕದಲ್ಲಿ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1851ರಲ್ಲಿ. ಮೇಲಿನ ದಾರವನ್ನು ಕೆಳಗಿನ ದಾರದ ಜೊತೆ ಬಟ್ಟೆಯ ನಡುವೆ ಕೊಂಡಿ ಹಾಕುವ ಹೊಲಿಗೆಯ ಮೂಲ ತತ್ವ ಇವತ್ತಿಗೂ ಅದೇ. 1930ರ ದಶಕದಲ್ಲಿ ಕಲ್ಕತ್ತೆಯ ಜಯ್ ಎಂಜಿನಿಯರಿಂಗ್ ವರ್ಕ್ಸ್ ಉಷಾ ಮಿಷಿನ್ ಮಾಡತೊಡಗಿದ ಮೇಲೆ ಈ ಯಂತ್ರ ದೇಶದ ನಡುಮನೆಗಳಿಗೆ ಬಂತು. ಯಂತ್ರಗಳನ್ನು ಸುಲಭಕ್ಕೆ ಒಪ್ಪದ ಗಾಂಧೀಜಿಯೂ ಹೊಲಿಗೆ ಯಂತ್ರವನ್ನು ಆ ವಿರೋಧದಿಂದ ಹೊರಗಿಟ್ಟು ಮೆಚ್ಚಿದ್ದರು. ಎರಕದ ಕಬ್ಬಿಣದ ಆ ಕಪ್ಪು ಮಿಷಿನ್ ಸುಲಭಕ್ಕೆ ಸಾಯುವುದಿಲ್ಲ. ಸಾಮಾನ್ಯವಾಗಿ ಅದಕ್ಕೆ ಆಗಿರುವುದು ಧೂಳು, ಎಣ್ಣೆ, ಸೂಜಿ, ಬೆಲ್ಟು, ಇಷ್ಟೇ.

ಎಣ್ಣೆಯಿಂದ ಶುರುಮಾಡೋಣ. ಮಿಷಿನ್ ಬಿಗಿಯಾಯಿತೆಂದರೆ ನಮ್ಮ ಮನೆಗಳಲ್ಲಿ ಕೈ ಹೋಗುವುದು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಗೆ. ಬಿಟ್ಟ ದಿನ ಮಿಷಿನ್ ಹಗುರವಾಗಿ ಓಡುತ್ತದೆ, ಅದೇ ಮೋಸ. ತಿಂಗಳುಗಳು ಕಳೆದ ಮೇಲೆ ಅದು ಧೂಳಿನೊಂದಿಗೆ ಸೇರಿ ಆಲೆಮನೆಯ ಕೊಪ್ಪರಿಗೆ ತಳದ ಪಾಕದ ಹಾಗೆ ಅಂಟಿ ಕೂರುತ್ತದೆ. ಚಳಿಗಾಲದಲ್ಲಿ ಗಡ್ಡೆಯೂ ಕಟ್ಟುತ್ತದೆ. ಹೊಲಿಗೆ ಮಿಷಿನ್ನಿಗೆಂದೇ ಸಣ್ಣ ಬಾಟಲಿಯಲ್ಲಿ ಸಿಗುವ ತೆಳು ಎಣ್ಣೆಯನ್ನೇ ತನ್ನಿ. ಹಳೆಯ ಅಂಟು ಇದ್ದರೆ ಅದನ್ನೇ ಧಾರಾಳವಾಗಿ ಪ್ರತಿ ಎಣ್ಣೆ ತೂತಿಗೂ ಬಿಟ್ಟು, ಚಕ್ರವನ್ನು ಕೈಯಲ್ಲಿ ಮುಂದಕ್ಕೂ ಹಿಂದಕ್ಕೂ ಆಡಿಸಿ, ಒಂದು ರಾತ್ರಿ ಹಾಗೇ ಬಿಡಿ. ಬೆಳಗ್ಗೆ ಕಂದು ಬಣ್ಣದ ರಸ ಇಳಿದಿರುತ್ತದೆ. ಒರೆಸಿ, ಮತ್ತೆ ಒಂದೊಂದು ಹನಿ.

ಆಮೇಲೆ ಸೂಜಿಯ ಕೆಳಗಿನ ತಗಡಿನ ಎರಡು ಸ್ಕ್ರೂ ತೆಗೆಯಿರಿ. ಬಟ್ಟೆಯನ್ನು ಹಿಂದಕ್ಕೆ ತಳ್ಳುವ ಹಲ್ಲುಗಳ ಸಾಲು ಕಾಣುತ್ತದೆ. ಹಲ್ಲಿನ ಸಂದಿಯಲ್ಲಿ ನಾರು, ಧೂಳು, ಎಣ್ಣೆ ಬೆರೆತು ಕಂಬಳಿಯಂತೆ ಗಟ್ಟಿಯಾಗಿ ಕೂತಿರುತ್ತದೆ. ಸೂಜಿಯ ಮೊನೆಯಲ್ಲಿ ಕೆದಕಿದರೆ ಅದು ಚೂರಾಗುವುದಿಲ್ಲ, ಪಟ್ಟಿಯಾಗಿ ಇಡಿಯಾಗಿ ಎದ್ದು ಬರುತ್ತದೆ. ಎಷ್ಟೋ ಹಬ್ಬಗಳ ಬಟ್ಟೆಯ ಬಣ್ಣ ಅದರಲ್ಲಿ ಪದರ ಪದರವಾಗಿರುತ್ತದೆ: ಶಾಲೆಯ ನೀಲಿ, ಲಂಗದ ಕೆಂಪು, ಮಾಸ್ಕಿನ ಬಿಳಿ. ಅದು ಹೋದ ಮೇಲೆ ‘ಬಟ್ಟೆ ಮುಂದಕ್ಕೇ ಹೋಗಲ್ಲ’ ಎಂಬ ದೂರು ಬಹುಮಟ್ಟಿಗೆ ಹೋಗುತ್ತದೆ.

ಸೂಜಿ ಬದಲಾಯಿಸುವುದನ್ನು ಮುರಿಯುವ ತನಕ ಯಾರೂ ಮಾಡುವುದಿಲ್ಲ. ಮೊನೆ ಮೊಂಡಾದ ಸೂಜಿ ‘ಟಪ್ ಟಪ್’ ಎಂದು ಬಡಿಯುತ್ತದೆ, ತೆಳು ಬಟ್ಟೆಯ ಎಳೆ ಎಳೆಯುತ್ತದೆ. ಹತ್ತಿ ರವಿಕೆಗೆ 14ನೇ ನಂಬರು, ತೆಳು ರೇಷ್ಮೆಗೆ 11, ಪ್ಯಾಂಟಿನ ದಪ್ಪ ಬಟ್ಟೆಗೆ 16 ಇಟ್ಟುಕೊಂಡರೆ ಮನೆಯ ಕೆಲಸ ನಡೆಯುತ್ತದೆ. ಇನ್ನು, ಬಟ್ಟೆಯ ಅಡಿಯಲ್ಲಿ ದಾರ ಗೂಡು ಕಟ್ಟಿದರೆ ಎಲ್ಲರೂ ಬಾಬಿನ್ನನ್ನು ಬೈಯುತ್ತಾರೆ. ತಪ್ಪು ಸಾಮಾನ್ಯವಾಗಿ ಮೇಲಿನ ದಾರದ್ದು. ಟೆನ್ಶನ್ ಬಿಲ್ಲೆಗಳ ನಡುವೆ ಅದು ಕೂತಿರುವುದಿಲ್ಲ. ಪಾದ ಎತ್ತಿ, ದಾರವನ್ನು ಮೊದಲಿಂದ ಪೋಣಿಸಿ. ರೀಲನ್ನೂ ಪರೀಕ್ಷಿಸಿ; ಹಳೆಯ ಹತ್ತಿದಾರ ಕೈಯಲ್ಲಿ ಜಗ್ಗಿದರೆ ಪಟ್ಟನೆ ತುಂಡಾಗುತ್ತದೆ. ಅಂಥ ರೀಲು ಎಷ್ಟೇ ಚಂದದ ಬಣ್ಣವಾಗಿದ್ದರೂ ಕಸದ ಬುಟ್ಟಿಗೆ.

ಬೆಲ್ಟು ಜಾರಿದರೆ ಪಿನ್ನು ಬಿಚ್ಚಿ ಅರ್ಧ ಇಂಚು ಕತ್ತರಿಸಿ ಮತ್ತೆ ಸೇರಿಸಿ. ಇಷ್ಟೆಲ್ಲ ಆದ ಮೇಲೂ ಓಡದಿದ್ದರೆ ಆಗ ರಿಪೇರಿಯವನನ್ನು ಕರೆಯಿರಿ.

ತಪ್ಪು ಕಲ್ಪನೆ: ಚಂದದ ಡಬ್ಬಗಳನ್ನು ತಂದು ಜೋಡಿಸಿದರೆ ಎಲ್ಲಾ ಅಚ್ಚುಕಟ್ಟು.

ವಾಸ್ತವ: ಡಬ್ಬ ಕೊನೆಗೆ. ಮೊದಲೇ ತಂದರೆ ಕಸಕ್ಕೂ ಒಂದು ಮನೆ ಕಟ್ಟಿಕೊಟ್ಟ ಹಾಗಾಗುತ್ತದೆ. ಹುಕ್ಕಿಗೆ ಒಂದು ಗಾಜಿನ ಬಾಟಲಿ, ಗುಂಡಿಗೆ ಒಂದು ಬಿಸ್ಕತ್ತಿನ ತಗಡಿನ ಡಬ್ಬ ಎಲ್ಲರ ಮನೆಯಲ್ಲೂ ಇದೆ, ಅಷ್ಟು ಸಾಕು. ತುಕ್ಕು ಹಿಡಿದ ಹುಕ್ಕು, ಸೆಟೆದು ಪುಡಿಯಾಗುವ ಎಲಾಸ್ಟಿಕ್ಕು ಎರಡನ್ನೂ ಎಸೆಯಿರಿ, ಅವು ಒಗೆದ ಮೊದಲ ದಿನವೇ ಬಟ್ಟೆ ಹಾಳುಮಾಡುತ್ತವೆ. ಮನಸ್ಸಿಗೆ ಖುಷಿ ಕೊಡುವ ವಸ್ತುವನ್ನಷ್ಟೇ ಇಟ್ಟುಕೊಳ್ಳಿ ಎಂದು ಜಪಾನಿನ ಮೇರಿ ಕೊಂಡೊ ಲೋಕಕ್ಕೆಲ್ಲ ಹೇಳಿಕೊಟ್ಟರು. ಹೊಲಿಗೆಯ ಮೂಲೆಗೆ ಆ ಸೂತ್ರ ಹೊಂದುವುದಿಲ್ಲ. ಕಾಲರಿನೊಳಗಿನ ಕ್ಯಾನ್ವಾಸ್ ಬಟ್ಟೆ ಯಾರಿಗೂ ಖುಷಿ ಕೊಟ್ಟಿದ್ದಿಲ್ಲ, ಜರಿಯ ಲೇಸು ಎಲ್ಲರಿಗೂ ಕೊಡುತ್ತದೆ. ಕೆಲಸಕ್ಕೆ ಬರುವುದು ಕ್ಯಾನ್ವಾಸು.

ತಪ್ಪು ಕಲ್ಪನೆ: ಗಾರ್ಮೆಂಟ್ಸಿನಲ್ಲಿ ಹತ್ತು ವರ್ಷ ಹೊಲಿದವಳಿಗೆ ಹೊಲಿಗೆ ಹೊಸದಾಗಿ ಕಲಿಸಬೇಕೇ?

ವಾಸ್ತವ: ಬೇಕಾಗುತ್ತದೆ. ಇದನ್ನು ಹೇಳಲು ಆಕೆಯೇ ಸಂಕೋಚಪಡುತ್ತಾಳೆ, ಅದರಿಂದಲೇ ಎಷ್ಟೋ ಮನೆಯಲ್ಲಿ ಮಿಷಿನ್ ಮುಚ್ಚಿಕೊಂಡಿದೆ.

ಬೆಳಗಿನ ಹೊತ್ತು ಈ ತಾಲ್ಲೂಕುಗಳ ಕ್ರಾಸುಗಳಲ್ಲಿ ಟಿಫನ್ ಡಬ್ಬ ಹಿಡಿದು ವ್ಯಾನಿಗೆ ಕಾಯುವ ಹೆಂಗಸರನ್ನು ನೋಡಿರುತ್ತೀರಿ. ಅವರು ಕೂರುವುದು ‘ಲೈನ್’ನಲ್ಲಿ. ಒಬ್ಬಳದು ಕಾಲರ್, ಒಬ್ಬಳದು ಕಫ್, ಮತ್ತೊಬ್ಬಳದು ತೋಳು ಕೂಡಿಸುವುದು, ಇನ್ನೊಬ್ಬಳದು ಬರೀ ಲೇಬಲ್. ಗಂಟೆಗೆ ಇಷ್ಟು ಪೀಸು ಎಂದು ಟಾರ್ಗೆಟ್. ಅಲ್ಲಿನ ಮಿಷಿನ್ ನಿಮಿಷಕ್ಕೆ ನಾಲ್ಕೈದು ಸಾವಿರ ಹೊಲಿಗೆ ಹಾಕಬಲ್ಲದು; ಮಂಡಿ ಒತ್ತಿದರೆ ಪಾದ ಏಳುತ್ತದೆ, ಎಣ್ಣೆ ತಾನೇ ಹರಿಯುತ್ತದೆ. ಕತ್ತರಿಸುವ ವಿಭಾಗವೇ ಬೇರೆ, ಅಲ್ಲಿ ಪದರ ಪದರವಾಗಿ ಹಾಸಿದ ಬಟ್ಟೆಯನ್ನು ಕರೆಂಟಿನ ಕತ್ತಿ ಕೊಯ್ಯುತ್ತದೆ. ಇಡೀ ಶರ್ಟು ಹೇಗೆ ಹುಟ್ಟಿತು ಎಂಬುದನ್ನು ಹತ್ತು ವರ್ಷ ಅದರ ತೋಳನ್ನೇ ಹೊಲಿದವಳು ಕಾಣದೇ ಇರಬಹುದು.

ಅವಳ ಕೈಯ ವೇಗಕ್ಕೆ, ನೇರಕ್ಕೆ ಯಾವ ಬೀದಿ ಟೈಲರೂ ಸಮ ಬರುವುದಿಲ್ಲ. ಆದರೆ ಮನೆಗೆ ಬಂದು ಕಾಲಿನ ಮಿಷಿನ್ ಮುಂದೆ ಕೂತರೆ ಎಲ್ಲವೂ ತಿರುಗುಮುರುಗು. ಕಾರ್ಖಾನೆಯ ಸೂಜಿಯ ಬುಡ ದುಂಡು, ಮನೆಯದರ ಬುಡ ಒಂದು ಕಡೆ ಚಪ್ಪಟೆ, ಒಂದರದ್ದು ಇನ್ನೊಂದಕ್ಕೆ ಸರಿಯಾಗಿ ಕೂರುವುದಿಲ್ಲ. ಪೆಡಲು ಹಿಂದಕ್ಕೆ ತಿರುಗಿ ದಾರ ಕಚ್ಚಿಕೊಳ್ಳುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಳತೆ ತೆಗೆದು, ಚಾಕಿನಲ್ಲಿ ಗೆರೆ ಎಳೆದು, ಕತ್ತರಿ ಇಡುವ ಧೈರ್ಯವನ್ನು ಯಾರೂ ಅವಳಿಗೆ ಕೊಟ್ಟಿಲ್ಲ.

2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಯೂರೋ ಕ್ಲಾಥಿಂಗ್ ಘಟಕ ಮುಚ್ಚಿತು. ಅದು ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ಗೆ ಸೇರಿದ್ದು. ಅಲ್ಲಿ ಎಚ್ ಅಂಡ್ ಎಂ ಎಂಬ ಸ್ವೀಡನ್ನಿನ ಕಂಪನಿಗೆ ಬಟ್ಟೆ ತಯಾರಾಗುತ್ತಿತ್ತು. ಸಾವಿರದ ಇನ್ನೂರಕ್ಕೂ ಹೆಚ್ಚು ಮಂದಿಯ ಕೆಲಸ ಹೋಯಿತು, ಬಹುಪಾಲು ಹೆಂಗಸರು. ವಾರಗಟ್ಟಲೆ ಧರಣಿ ಕೂತರು. 2021ರ ಆರಂಭದಲ್ಲಿ ಕಾರ್ಮಿಕ ಸಂಘ ಮತ್ತು ಕಂಪನಿಯ ನಡುವೆ ಮರುನೇಮಕದ ಒಪ್ಪಂದವೂ ಆಯಿತು. ಕೆಲಸವಿಲ್ಲದ ಆ ತಿಂಗಳುಗಳಲ್ಲಿ ‘ಹೊಲಿಗೆ ಬರುತ್ತಲ್ಲ, ಮನೇಲೇ ಹೊಲ್ಕೊಂಡು ದುಡೀಬೋದಲ್ಲ’ ಎಂದು ಬಿಟ್ಟಿ ಸಲಹೆ ಕೊಟ್ಟವರಿಗೆ ಲೈನು ಎಂದರೇನು ಎಂಬುದು ಗೊತ್ತಿರಲಿಲ್ಲ. ಅಷ್ಟು ಜನ ಒಟ್ಟಿಗೆ ಕೂತರೆ ಶರ್ಟು ತಯಾರಾಗುತ್ತಿತ್ತು. ಒಬ್ಬೊಬ್ಬಳ ಬಳಿ ಉಳಿದದ್ದು ಅದರ ಒಂದು ತುಂಡಿನ ವಿದ್ಯೆ.

ಹೊಲಿಗೆಯಲ್ಲಿ ಖುಷಿ ಎಲ್ಲಿದೆ ಎಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಇಡಿಯಾಗಿ ಒಂದು ಬಟ್ಟೆ ಮಾಡುವುದರಲ್ಲಿದೆ. ಅಳತೆಯಿಂದ ಕೊನೆಯ ಹುಕ್ಕಿನವರೆಗೆ ಒಂದೇ ಕೈ. ಗಾರ್ಮೆಂಟ್ಸಿನ ಲೈನು ಅದನ್ನು ತುಂಡು ಮಾಡಿತು. ಮನೆಯಲ್ಲಿ ಫಾಲು, ಜಿಪ್ಪು, ಬಿಚ್ಚುವುದು, ಕೂಡಿಸುವುದು ಎಂದು ಊರವರ ಚೂರು ಕೆಲಸವೂ ಅದನ್ನೇ ಮಾಡಿತು. ಮಿಷಿನ್ ಮುಂದೆ ಕೂತರೆ ಬೇಸರ ಬರುವುದು ಹೊಲಿಗೆಗಲ್ಲ, ಈ ಚೂರುಪಾರಿಗೆ.

ತಪ್ಪು ಕಲ್ಪನೆ: ಚೂರು ಬಟ್ಟೆಯೆಲ್ಲ ಕೌದಿಗೆ ಆಗುತ್ತದೆ.

ವಾಸ್ತವ: ಎಷ್ಟು ಕೌದಿ ಹೊಲಿದಿದ್ದೀರಿ? ಬಾಣಂತನಕ್ಕೆ ಮಗುವಿನಡಿ ಹಾಸಲು ಹಳೇ ಪಂಚೆ, ಮೆತ್ತನೆ ಸೀರೆ ಬೇಕು, ಲೈನಿಂಗಿನ ಕತ್ತರಿಚೂರು ಅಲ್ಲ. ಹತ್ತಿಯನ್ನೂ ಪಾಲಿಯೆಸ್ಟರನ್ನೂ ಸೇರಿಸಿ ಹೊಲಿದ ಕೌದಿ ಒಗೆದ ಮೇಲೆ ಒಂದು ಕಡೆ ಕುಗ್ಗಿ ಒಂದು ಕಡೆ ಉಬ್ಬುತ್ತದೆ. ಅಂಗೈಗಿಂತ ಚಿಕ್ಕದಾದ ಚೂರುಗಳನ್ನು ಇಟ್ಟುಕೊಳ್ಳಬೇಡಿ. ಅವನ್ನು ಒಂದು ಬಟ್ಟೆಚೀಲಕ್ಕೆ ಬಿಗಿಯಾಗಿ ತುಂಬಿ ಬಾಯಿ ಹೊಲಿದರೆ ಸ್ಟೂಲಿನ ಮೇಲೆ ಹಾಕಿಕೊಳ್ಳಲು ದಿಂಬಾಯಿತು. ಉದ್ದನೆಯ ಹತ್ತಿ ಚೂರುಗಳಿದ್ದರೆ ಓರೆಯಾಗಿ ಕತ್ತರಿಸಿ ಕ್ರಾಸ್ ಪಟ್ಟಿ ಮಾಡಿಡಿ, ಕುತ್ತಿಗೆಯ ಸುತ್ತಿನ ಅಂಚಿಗೆ ಬೇಕಾಗುತ್ತದೆ. ತೀರಿಹೋದ ಅತ್ತೆಯ ಸೀರೆಯೋ ಅಮ್ಮನ ಸೀರೆಯೋ ಆ ಗಂಟಿನಲ್ಲಿದ್ದರೆ ಅದಕ್ಕೆ ಈ ಯಾವ ನಿಯಮವೂ ಅನ್ವಯಿಸುವುದಿಲ್ಲ. ಅದು ಬೀರುವಿನಲ್ಲಿರಲಿ, ಹೊಲಿಗೆ ಸಾಮಾನಿನ ಜೊತೆ ಬೇಡ.

ತಪ್ಪು ಕಲ್ಪನೆ: ಮನೆಯಲ್ಲಿ ಹೊಲಿದರೆ ದುಡ್ಡು ಉಳಿಯುತ್ತದೆ.

ವಾಸ್ತವ: ಒಂದು ಕಾಲದಲ್ಲಿ ಉಳಿಯುತ್ತಿತ್ತು. ಈಗ ಸಂತೆಯಲ್ಲಿ ರಾಶಿ ಹಾಕಿ ಮಾರುವ ನೈಟಿಯ ಬೆಲೆಗೆ ಅದಕ್ಕೆ ಬೇಕಾದ ಒಳ್ಳೆಯ ಹತ್ತಿಬಟ್ಟೆಯೇ ಬರುವುದಿಲ್ಲ. ಉಳಿತಾಯವೆಂದು ಹೊರಟವರು ನಾಲ್ಕು ದಿನಕ್ಕೆ ಬಿಡುತ್ತಾರೆ, ಲೆಕ್ಕ ಅವರ ಕಡೆಗಿಲ್ಲ.

ಹೊಲಿಯಬೇಕಾದದ್ದು ಅಂಗಡಿಯಲ್ಲಿ ಸಿಗದ ಬಟ್ಟೆಯನ್ನು. ನಮ್ಮ ಗದ್ದೆಗಳತ್ತ ನೋಡಿ. ಕಬ್ಬಿನ ಸೋಗೆ ಮೈ ಕುಯ್ಯುತ್ತದೆ. ಅದಕ್ಕೆ ಹೆಂಗಸರು ಸೀರೆಯ ಮೇಲೆ ಗಂಡನ ಹಳೇ ತುಂಬುತೋಳಿನ ಶರ್ಟು ಏರಿಸಿಕೊಂಡು ಇಳಿಯುತ್ತಾರೆ. ನಾಟಿಗೂ ಅದೇ, ಕಳೆಗೂ ಅದೇ. ಆ ಶರ್ಟು ಭುಜದಲ್ಲಿ ಜೋಲುತ್ತದೆ, ಸೊಂಟದಲ್ಲಿ ಹಿಡಿಯುತ್ತದೆ, ತೋಳು ಮಡಿಸಿದರೂ ಬಿಚ್ಚಿಕೊಂಡು ನೀರಿಗೆ ಬೀಳುತ್ತದೆ. ಮಂಡ್ಯ ಜಿಲ್ಲೆಯಲ್ಲಿ ಎಷ್ಟೋ ಹೆಂಗಸರು ತೊಡುವ ಈ ಉಡುಪನ್ನು ಹೆಂಗಸಿನ ಮೈಯಳತೆಗೆ ಮಾಡಿ ಮಾರುವ ಅಂಗಡಿ ನನ್ನ ಕಣ್ಣಿಗೆ ಬಿದ್ದಿಲ್ಲ.

ಎಡೆಗಿಟ್ಟ ಶರ್ಟ್ ಪೀಸು ಬೇಕಾಗುವುದು ಇಲ್ಲಿ. ತುಂಬುತೋಳಿಗೆ ಎರಡೂಕಾಲು ಮೀಟರಿನಷ್ಟು ಬಟ್ಟೆ ಹಿಡಿಯುತ್ತದೆ. ಭುಜವನ್ನು ಆಕೆಯ ಅಳತೆಗೆ ಇಳಿಸಿ, ಸೊಂಟದ ಕೆಳಗೆ ಎರಡೂ ಪಕ್ಕ ಸೀಳು ಬಿಟ್ಟು, ಮಣಿಕಟ್ಟಿಗೆ ಗುಂಡಿಯ ಬದಲು ಎಲಾಸ್ಟಿಕ್ ಹಾಕಿ. ಕಂಕುಳಲ್ಲಿ ಒಂದು ಚೌಕದ ತುಂಡು ಕೂಡಿಸಿದರೆ ಕೈ ಮೇಲೆತ್ತಿದಾಗ ಶರ್ಟು ಪೂರ್ತಿ ಮೇಲೇರುವುದಿಲ್ಲ. ಎದೆಯ ಜೇಬು ತೆಗೆದು ಪಕ್ಕಕ್ಕೆ ಆಳವಾದ ಜೇಬು ಇಡಿ. ಬಗ್ಗಿದರೆ ಎದೆಯ ಜೇಬಿನ ಫೋನು ನೇರ ಕೆಸರಿಗೆ. ಇದು ಯಾವ ಕ್ಯಾಟಲಾಗಿನಲ್ಲೂ ಇಲ್ಲದ ಡಿಸೈನು. ತೊಟ್ಟವಳು ಮಾರನೆಯ ದಿನ ಇನ್ನಿಬ್ಬರನ್ನು ಕರೆತರುತ್ತಾಳೆ, ಆಗ ಕೂಲಿ ಕೇಳಲು ನಾಚಬೇಡಿ.

ತಪ್ಪು ಕಲ್ಪನೆ: ವಿಶ್ವಕರ್ಮ ಯೋಜನೆಗೆ ಅರ್ಜಿ ಹಾಕಿದರೆ ಎಲ್ಲರಿಗೂ ಮಿಷಿನ್ ಪುಕ್ಕಟೆ.

ವಾಸ್ತವ: 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ದರ್ಜಿ ಕೆಲಸವೂ ಒಂದು. ಅದು ಆ ಕಸುಬನ್ನು ಸ್ವಂತವಾಗಿ ಮಾಡುತ್ತಿರುವವರಿಗೆ, ಮನೆಗೆ ಒಬ್ಬರಿಗೆ. ಉಪಕರಣಕ್ಕೆ 15,000 ರೂಪಾಯಿಯವರೆಗಿನ ವೋಚರು, ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಆಮೇಲೆ ಶೇ 5ರ ಬಡ್ಡಿಯ ಸಾಲ. ಮನೆಯಲ್ಲಿ ರಿಪೇರಿ ಮಾಡಿದರೆ ಓಡುವ ಒಂದು ಮಿಷಿನ್ ಇರುವಾಗ ಇನ್ನೊಂದು ತಂದು ಅದರ ಮೇಲೂ ಬಟ್ಟೆ ಗುಡ್ಡೆ ಹಾಕುವುದಾದರೆ ಯೋಜನೆಯೇನು ಮಾಡೀತು?

ತಪ್ಪು ಕಲ್ಪನೆ: ಮತ್ತೆ ಶುರುಮಾಡುವುದಾದರೆ ರವಿಕೆಯಿಂದಲೇ.

ವಾಸ್ತವ: ರವಿಕೆ ಹೊಲಿಗೆಯ ಕೊನೆಯ ಪರೀಕ್ಷೆ, ಮೊದಲ ಪಾಠವಲ್ಲ. ಒಂದು ಅಂಗೈ ಅಗಲದೊಳಗೆ ನಾಲ್ಕು ಟಕ್ಸು, ಕಂಕುಳ ತಿರುವು, ತೋಳಿನ ಗುಂಡು, ಹುಕ್ಕಿನ ಪಟ್ಟಿ, ಎಲ್ಲವೂ ಕಾಲಿಂಚಿನ ವ್ಯತ್ಯಾಸಕ್ಕೆ ಮುನಿಸಿಕೊಳ್ಳುತ್ತವೆ. ವರ್ಷಗಟ್ಟಲೆ ಬಿಟ್ಟ ಕೈ ಅಲ್ಲಿಂದ ಶುರುಮಾಡಿದರೆ ಮೊದಲ ತೋಳಿಗೇ ಬೇಸತ್ತು ಮತ್ತೆ ಮಿಷಿನ್ ಮುಚ್ಚುತ್ತದೆ.

ಆರು ಪಟ್ಟಿಯ ಒಳಲಂಗದಿಂದ ಶುರುಮಾಡಿ. ಉದ್ದನೆಯ ನೇರ ಹೊಲಿಗೆಗಳು, ಮಿಷಿನ್ನೂ ಪಳಗುತ್ತದೆ, ಕಾಲೂ ಪಳಗುತ್ತದೆ. ಕಾಟನ್ ಬಟ್ಟೆಯನ್ನು ಹಿಂದಿನ ರಾತ್ರಿ ನೆನೆಸಿ, ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ಕತ್ತರಿಸಿ. ಪಟ್ಟಿಯ ಓರೆ ಅಂಚಿಗೆ ಪಕ್ಕದ ಪಟ್ಟಿಯ ನೇರ ಅಂಚು ಸೇರಬೇಕು. ಓರೆಗೆ ಓರೆ ಸೇರಿಸಿದರೆ ಲಂಗ ಒಂದು ಕಡೆ ಜೋತುಬೀಳುತ್ತದೆ. ಅಂಗಡಿಯ ಲಂಗದಲ್ಲಿ ಇಲ್ಲದ ಒಂದನ್ನು ಇದರಲ್ಲಿಡಿ: ಬಲಗಡೆ, ಕೈ ನೇರ ಇಳಿಯುವ ಜಾಗದಲ್ಲಿ, ಒಂದು ಜೇಬು. ಬಸ್ಸಿಗೆ ಹೋಗುವವರಿಗೆ, ಸಂತೆಗೆ ಹೋಗುವವರಿಗೆ ಅದರ ಬೆಲೆ ಗೊತ್ತು.

ಲಂಗವಾದ ಮೇಲೆ ಕವರಿನಲ್ಲಿ ಕೂತಿರುವ ಆ ಹತ್ತಿಬಟ್ಟೆ ತೆಗೆಯಿರಿ. ಚೂಡಿದಾರದ ಟಾಪೋ, ತುಂಬುತೋಳಿನ ನೈಟಿಯೋ, ನಿಮಗೇನು ಬೇಕೋ ಅದು. ಚೆನ್ನಾಗಿ ಕೂರುವ ಒಂದು ಹಳೇ ಬಟ್ಟೆಯನ್ನು ಅಳತೆಗೆ ಇಟ್ಟುಕೊಳ್ಳಿ, ಆದರೆ ಸೊಂಟವನ್ನೂ ತೋಳನ್ನೂ ಟೇಪಿನಲ್ಲಿ ಹೊಸದಾಗಿ ತೆಗೆಯಿರಿ. ಐದು ವರ್ಷದ ಹಿಂದಿನ ಅಳತೆ ಈಗ ಯಾರದೂ ಅಲ್ಲ. ಎರಡೂ ಪಕ್ಕದಲ್ಲಿ ಒಂದೊಂದು ಇಂಚು ಒಳಗೆ ಬಟ್ಟೆ ಬಿಡಿ. ಕೊನೆಯ ಹೊಲಿಗೆ ಹಾಕುವ ಮೊದಲು ಕೈಯಲ್ಲಿ ಕಚ್ಚಾ ಹೊಲಿಗೆ ಹಾಕಿ ತೊಟ್ಟು, ಅಟ್ಟದ ಮೇಲಿನ ಡಬ್ಬ ಇಳಿಸುವ ಹಾಗೆ ಕೈ ಎತ್ತಿ, ಒಲೆ ಮುಂದೆ ಕೂರುವ ಹಾಗೆ ಕೂತು ನೋಡಿ. ಹಿಡಿದ ಕಡೆ ಬಿಚ್ಚಿ, ಜೋಲಿದ ಕಡೆ ಹಿಡಿಯಿರಿ. ಕನ್ನಡಿಯ ಮುಂದೆ ಸುಮ್ಮನೆ ನಿಂತು ಅಳತೆ ಸರಿಯೆನ್ನುವುದು ಅಂಗಡಿಯವರ ಲೆಕ್ಕ. ಬಟ್ಟೆ ಮನೆಯಲ್ಲಿ ಎಷ್ಟು ಕೆಲಸ ಮಾಡಬೇಕು ಎಂಬುದು ಹೊಲಿಯುವವಳಿಗೆ ಗೊತ್ತು.